ಗಂಟಿಲ್ಲದ ಎರಡು ಇಲಿಗಳು

ಸೊಪ್ಪಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ನಾಳೆ ಬೆಳಿಗ್ಗೆ ಎದ್ದು ಬೇಲಿ ಸಾಲಿನಲ್ಲಿ ಹುಡುಕಿ, ಕಿತ್ತು ತಂದು ಒಲೆಯ ಮೇಲೆ ಕುದಿಯಲು ಇಡುತ್ತೀರಿ. ನನಗೆ ಗೊತ್ತು. ನನ್ನ ಸ್ವಂತ ಅಕ್ಕನೇ ಇಟ್ಟಳು.

ಅಕ್ಕನ ಹೆಸರು ಸುಧಾ. ಕುಣಿಗಲ್‌ನಲ್ಲಿ ಅಂಗನವಾಡಿ ಟೀಚರ್, ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಸೂಜಿ ಚುಚ್ಚಿ ಪರೀಕ್ಷೆ ಮಾಡಿ, ಕ್ಯಾನ್ಸರ್ ಎಂದು ರಿಪೋರ್ಟು ಬಂದಿತ್ತು. ಬೇರೆ ಕಡೆಗೆ ಹರಡಿಲ್ಲ, ಈಗಲೇ ಆಪರೇಷನ್ ಮಾಡಿದರೆ ವಾಸಿಯಾಗುತ್ತದೆ, ತಡ ಮಾಡಬೇಡಿ ಎಂದು ಬೆಂಗಳೂರಿನ ಡಾಕ್ಟರು ದಿನ ಗೊತ್ತು ಮಾಡಿ ಕಳಿಸಿದ್ದರು. ಆ ದಿನ ಬಂತು, ಹೋಯಿತು, ಅಕ್ಕ ಹೋಗಲಿಲ್ಲ. ಎರಡನೇ ಸಲ ಕೊಟ್ಟ ದಿನ ಬರುವ ಬುಧವಾರ. ಅದಕ್ಕೂ ಹೋಗುವುದಿಲ್ಲ, ನಲವತ್ತೆಂಟು ದಿನ ಕಷಾಯ ಕುಡಿದು ಮುಗಿಸಿ ಆಮೇಲೆ ನೋಡೋಣ ಎಂದು ಹಟ ಹಿಡಿದು ಕೂತಿದ್ದಳು. ನಾನು ಹೇಳಲು ಹೊರಟ ಶನಿವಾರಕ್ಕೆ ಕಷಾಯದ ಇಪ್ಪತ್ತೊಂಬತ್ತನೇ ದಿನ.

ಕಷಾಯದ ಮೇಲೆ ಅವಳಿಗೆ ಆ ನಂಬಿಕೆ ಹುಟ್ಟಿಸಿದವಳು ನಾನೇ. ತುಮಕೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಐದು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದೇನೆ. ಹೆಸರು ಪ್ರಮೀಳಾ, ಆದರೆ ನಮ್ಮ ಕಡೆ ಮದುವೆ ಮನೆಗಳಲ್ಲಿ ನನ್ನನ್ನು ಗುರುತಿಸುವುದು ಇಲಿ ಡಾಕ್ಟರಮ್ಮ ಎಂದು. ಮೂವತ್ತೊಂದು ದಾಟಿದರೂ ಮದುವೆಯಾಗದೆ ಇಲಿ ಸಾಕಿಕೊಂಡಿರುವವಳಿಗೆ ಇನ್ನೇನು ಹೆಸರಿಡುತ್ತಾರೆ, ಬಿಡಿ.

ಸೊಪ್ಪು ಸಿಕ್ಕಿದ್ದು ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ, ಸುಬ್ಬಲಕ್ಷ್ಮಮ್ಮ ಅಜ್ಜಿಯ ಹತ್ತಿರ. ಅವರು ನಮ್ಮಪ್ಪನ ಸೋದರತ್ತೆ. ಬಾಣಂತಿಯರಿಗೆ ಹಾಲು ಕಟ್ಟಿ ಎದೆ ಗಟ್ಟಿಯಾದರೆ ಅಜ್ಜಿ ಈ ಸೊಪ್ಪು ಅರೆದು ಪಟ್ಟು ಹಾಕುತ್ತಾರೆ, ಕಷಾಯ ಕುಡಿಸುತ್ತಾರೆ. ಯಾರ ಎದುರಿಗೂ ಕೀಳುವುದಿಲ್ಲ, ಹೆಸರು ಹೇಳುವುದಿಲ್ಲ. ಹೇಳಿದರೆ ಮದ್ದು ಕೆಡುತ್ತದಂತೆ. ಮೂರು ಭಾನುವಾರ ಅವರ ಹಿಂದೆ ಹಿಂದೆ ಸುತ್ತಿ, ಕಾಲೊತ್ತಿ, ಎಲೆಯಡಿಕೆ ಕುಟ್ಟಿಕೊಟ್ಟು, ನಾಲ್ಕನೇ ಭಾನುವಾರ ಒಂದು ಕಡ್ಡಿ ಸಂಪಾದಿಸಿದೆ. ಕೊಡುವಾಗ ಅಜ್ಜಿ ಒಂದು ಮಾತು ಹೇಳಿದರು.

"ಇದು ಎದೆ ಕಟ್ಟಿದ ಬಾಣಂತಿಗೆ ಕೊಡೋ ಸೊಪ್ಪು ಕಣವ್ವ. ಕಲ್ಲಾದ ಗಂಟಿಗೆ ನಾನ್ ಯಾವತ್ತೂ ಕೊಟ್ಟಿಲ್ಲ."

ಆ ಮಾತಿನ ಮೊದಲರ್ಧ ನನ್ನ ಪ್ರಬಂಧದ ಪೀಠಿಕೆಯಲ್ಲಿದೆ. ಎರಡನೇ ಅರ್ಧವನ್ನು ನಾನು ಬರೆಯಲಿಲ್ಲ.

ಕೆಲಸ ಹೀಗಿತ್ತು. ಇಪ್ಪತ್ತನಾಲ್ಕು ಬಿಳಿ ಹೆಣ್ಣು ಇಲಿಗಳು, ನಾಲ್ಕು ಪಂಜರ, ಪಂಜರಕ್ಕೆ ಆರು. ಒಂದು ಪಂಜರದವು ಆರೋಗ್ಯವಾಗಿಯೇ ಇರಬೇಕಾದವು, ಅವಕ್ಕೆ ಏನೂ ಮಾಡುವುದಿಲ್ಲ. ಉಳಿದ ಮೂರು ಪಂಜರದವಕ್ಕೆ ಎದೆಯಲ್ಲಿ ಗಂಟು ಬರಿಸುವ ರಾಸಾಯನಿಕವನ್ನು ಶುರುವಿನಲ್ಲಿ ಒಂದೇ ಸಲ ಕುಡಿಸುತ್ತೇವೆ. ಆ ಮೂರರಲ್ಲಿ ಒಂದು ಪಂಜರಕ್ಕೆ ಯಾವ ಔಷಧವೂ ಇಲ್ಲ, ಇನ್ನೊಂದಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆ, ಮತ್ತೊಂದಕ್ಕೆ ನನ್ನ ಸೊಪ್ಪಿನ ಸಾರ. ಬಿಳಿ ಇಲಿಗಳೆಲ್ಲ ಒಂದೇ ಥರ ಕಾಣುವುದರಿಂದ ಪಿಕ್ರಿಕ್ ಆಸಿಡ್ ಎಂಬ ಹಳದಿ ಬಣ್ಣದಲ್ಲಿ ಗುರುತು ಹಾಕುತ್ತೇವೆ. ತಲೆ ಹಳದಿಯಾಗಿದ್ದರೆ ಔಷಧವಿಲ್ಲದ್ದು, ಬೆನ್ನು ಹಳದಿಯಾಗಿದ್ದರೆ ಮಾತ್ರೆಯದು, ಬಾಲದ ಬುಡ ಹಳದಿಯಾಗಿದ್ದರೆ ಸೊಪ್ಪಿನದು. ಯಾವ ಹಳದಿಯೂ ಇಲ್ಲದ್ದು ಆರೋಗ್ಯದ್ದು. ಬಣ್ಣ ಎರಡು ವಾರಕ್ಕೆ ಮಾಸುತ್ತದೆ, ಮತ್ತೆ ಹಚ್ಚಬೇಕು. ವಾರಕ್ಕೊಮ್ಮೆ ತೂಕ ಹಾಕಿ, ಪಂಜರವಾರು ಹಗುರದ್ದರಿಂದ ಭಾರದ್ದಕ್ಕೆ ಸಾಲಾಗಿ ಬರೆದಿಡಬೇಕು. ಗಂಟು ಕಾಣಿಸಿಕೊಂಡ ಮೇಲೆ ವರ್ನಿಯರ್ ಕ್ಯಾಲಿಪರ್‌ನ ಎರಡು ದವಡೆಗಳ ನಡುವೆ ಹಿಡಿದು ಅದನ್ನೂ ಅಳೆಯಬೇಕು.

ನಾಲ್ಕು ತಿಂಗಳ ಕೊನೆಗೆ ಸೊಪ್ಪಿನ ಪಂಜರದ ಆರು ಇಲಿಗಳಲ್ಲಿ ಎರಡಕ್ಕೆ ಗಂಟೇ ಬಂದಿರಲಿಲ್ಲ. ಚೂರೂ ಇಲ್ಲ. ಚರ್ಮವನ್ನು ಬೆರಳಿನಿಂದ ಉಜ್ಜಿ ಉಜ್ಜಿ ಹುಡುಕಿದೆ. ಉಳಿದ ನಾಲ್ಕಕ್ಕೆ ಬಂದಿತ್ತು, ಆದರೆ ಆರರ ಸರಾಸರಿ ತೆಗೆದರೆ ಔಷಧವಿಲ್ಲದ ಪಂಜರಕ್ಕಿಂತ ಮೂರನೇ ಒಂದು ಪಾಲು ಕಡಿಮೆ. ಅದೇ ಹೊತ್ತಿಗೆ ಆರೋಗ್ಯದ ಪಂಜರದಲ್ಲಿ ಎರಡು ಇಲಿಗೆ ಗಂಟು ಬಂದಿತ್ತು. ನಮ್ಮ ಗೈಡ್ ಡಾಕ್ಟರ್ ಶ್ರೀಕರ ಅದನ್ನು ನೋಡಿ, ಈ ಜಾತಿಯ ಹೆಣ್ಣು ಇಲಿಗಳಲ್ಲಿ ಒಮ್ಮೊಮ್ಮೆ ತಾನಾಗಿಯೂ ಬರುವುದುಂಟು, ಕೆಳಗೆ ಒಂದು ಟಿಪ್ಪಣಿ ಹಾಕಿ ಅಂದರು. ಹಾಕಿದೆ. ಇಷ್ಟು ಎಳೇ ಇಲಿಗಳಲ್ಲಿ, ಅದೂ ಆರರಲ್ಲಿ ಎರಡಕ್ಕೆ ಬರುವುದು ವಿಚಿತ್ರ ಎಂದು ನನಗೆ ಅನ್ನಿಸಿತ್ತು. ಅನ್ನಿಸಿದ್ದನ್ನು ಟಿಪ್ಪಣಿಯ ಕೆಳಗೆ ಮುಚ್ಚಿಟ್ಟು ಅಕ್ಕನಿಗೆ ಫೋನ್ ಮಾಡಿದೆ. ಆರರಲ್ಲಿ ಎರಡಕ್ಕೆ ಗಂಟೇ ಇಲ್ಲ ಕಣೇ, ಹಾಗಲವಾಡಿ ಸೊಪ್ಪು, ನಮ್ಮಜ್ಜಿ ಸೊಪ್ಪು ಎಂದು ಹತ್ತು ನಿಮಿಷ ಕುಣಿದೆ. ಆಗ ಅವಳಿಗೆ ಗಂಟು ಇರಲಿಲ್ಲ, ಅಥವಾ ಇದ್ದದ್ದು ಗೊತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ನನ್ನ ಮಾತು ಅವಳ ಮನಸ್ಸಿನಲ್ಲಿ ಬೇರು ಬಿಟ್ಟಿತ್ತು. ಎಂಟು ವರ್ಷದ ಹಿಂದೆ ನಮ್ಮಮ್ಮ ಇದೇ ಕಾಯಿಲೆಗೆ ಆಪರೇಷನ್ ಮಾಡಿಸಿಕೊಂಡು ಎಂಟು ತಿಂಗಳಿಗೆ ತೀರಿಕೊಂಡಿದ್ದರು. ಕಾಯಿಲೆ ಆಗಲೇ ಮೂಳೆಗೆ ಇಳಿದಿತ್ತು ಎಂಬುದು ನನ್ನ ಲೆಕ್ಕ. ಅಮ್ಮನನ್ನು ಕೊಂದಿದ್ದು ಕಾಯಿಲೆಯಲ್ಲ, ಕತ್ತರಿ ಎಂಬುದು ಅಕ್ಕನ ಲೆಕ್ಕ. ಅವಳು ಹಾಗಲವಾಡಿಗೆ ಹೋಗಿ ಅಜ್ಜಿಯನ್ನು ಕೇಳಿದಳು, ಅಜ್ಜಿ ಕೊಡಲಿಲ್ಲ. ಆಗ ನನ್ನ ಲ್ಯಾಬಿನ ಸೊಪ್ಪಿನ ಫೋಟೋ ಒಂದನ್ನು ಫೋನಿನಲ್ಲಿ ಹಿಡಿದುಕೊಂಡು ಕುಣಿಗಲ್ ಕೆರೆಯ ಹಿಂದಿನ ಬೇಲಿಗಳಲ್ಲಿ ತಾನೇ ಹುಡುಕಿ ಕಿತ್ತಳು. ಇಲಿ ಬೇರೆ ಮನುಷ್ಯರು ಬೇರೆ ಅಕ್ಕ ಎಂದು ನಾನು ಎಷ್ಟು ಬಡಿದುಕೊಂಡರೂ, ಇಲಿಗೂ ಎದೆ ಇರತ್ತೆ ಅಂತ ನೀನೇ ಅಲ್ವೇನೇ ಹೇಳಿದ್ದು ಎಂದು ಬಾಯಿ ಮುಚ್ಚಿಸುತ್ತಿದ್ದಳು. ಭಾವ ಗಂಗಾಧರ್ ಹೈಸ್ಕೂಲು ಮೇಷ್ಟ್ರು, ಪಾಪದ ಮನುಷ್ಯ. ಅವರು ಒಬ್ಬ ಸ್ನೇಹಿತನ ಕೈಯಲ್ಲಿ ಆಸ್ಪತ್ರೆಯವರಂತೆ ಫೋನ್ ಮಾಡಿಸಿ, ಇದೇ ಕೊನೇ ದಿನ, ಮತ್ತೆ ಬೆಡ್ ಸಿಗಲ್ಲ ಎಂದು ಹೆದರಿಸಲು ನೋಡಿ ಸಿಕ್ಕಿಬಿದ್ದಿದ್ದರು. ಅಂದಿನಿಂದ ಅಕ್ಕ ಯಾರ ಮಾತನ್ನೂ ನಂಬುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ನನಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಬುಧವಾರಕ್ಕೆ ನಾಲ್ಕೇ ದಿನ. ಅಕ್ಕನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಪ್ರಾಣಿಗಳ ಮನೆಗೆ ಹೋದೆ. ಕಾಲೇಜಿನ ಹಿಂಭಾಗದಲ್ಲಿ ಅದಕ್ಕೇ ಒಂದು ಕಟ್ಟಡವಿದೆ. ಪ್ರಯೋಗವನ್ನು ಇನ್ನೊಮ್ಮೆ ಮಾಡಿ ತೋರಿಸಬೇಕಾಗಿತ್ತಾದ್ದರಿಂದ ಹೊಸದಾಗಿ ಇಪ್ಪತ್ತನಾಲ್ಕು ಇಲಿ ತರಿಸಿ ಒಂದು ತಿಂಗಳಾಗಿತ್ತು. ಅಲ್ಲಿ ರಾಮಾಂಜಿನಯ್ಯ ಪಂಜರ ತೊಳೆಯುತ್ತಿದ್ದರು. ಕೋರದ ಕಡೆಯವರು, ಐವತ್ತೈದರ ಆಸುಪಾಸು, ಇಪ್ಪತ್ತು ವರ್ಷದಿಂದ ಇಲಿ, ಮೊಲ ನೋಡಿಕೊಳ್ಳುವ ಕೆಲಸ. ಶನಿವಾರ ಒಪ್ಪೊತ್ತು ಇರುತ್ತಾರೆ, ಇಲಿಗಳ ಜೊತೆ ಮಾತಾಡುತ್ತಾರೆ, ನಾವು ಇಲಿಗಳನ್ನು ಕೊಲ್ಲುವ ದಿನ ರಜೆ ಹಾಕುತ್ತಾರೆ.

ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಪಂಜರ ಉಜ್ಜುತ್ತಿದ್ದರು. ಪಕ್ಕದ ಟಬ್‌ನಲ್ಲಿ ಆರು ಇಲಿಗಳು. ಅದರಲ್ಲೊಂದರ ಬಾಲದ ಬುಡ ಕೆಂಪಾಗಿತ್ತು. ರಕ್ತ ಎಂದುಕೊಂಡು ಎತ್ತಿ ಹತ್ತಿಯಿಂದ ಒರೆಸಿದೆ. ಹತ್ತಿ ಕೆಂಪಾಯಿತು, ಆದರೆ ಗಾಯ ಒಣಗಿದ ತರಚು, ರಕ್ತ ಬರುವಂಥದ್ದಲ್ಲ. ಏನಿದು ಎಂದು ಕೇಳಿದೆ.

"ಅರಿಶಿನ ಕಣಮ್ಮ. ಬಾಲ ಕಂಬಿಗೆ ಸಿಕ್ಕಿ ತರಚ್ಕಂಡಿತ್ತು, ಹಚ್ಚಿದ್ದೆ. ಸೋಡಾ ನೀರು ಬಿದ್ರೆ ಕೆಂಪಾಗ್ತದೆ. ಆರತಿ ನೀರು ಆಗಲ್ವಾ, ಹಂಗೆ."

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ನಮ್ಮ ಯಾವ ಮನೆಯ ಹೆಣ್ಣುಮಗಳಿಗೆ ಗೊತ್ತಿಲ್ಲ? ಎಷ್ಟು ಮದುಮಕ್ಕಳಿಗೆ ನಾನೇ ಕೆಂಪು ಆರತಿ ಕದಡಿಲ್ಲ? ಆದರೆ ಸೋಡಾ ಬೀಳುವ ಮುಂಚೆ ಆ ಬಾಲ ಯಾವ ಬಣ್ಣವಿತ್ತು ಎಂಬುದು ಆಗ ತಲೆಗೆ ಹೋಯಿತು. ಬಿಳಿ ಇಲಿಯ ಬಾಲದ ಬುಡದಲ್ಲಿ ಹಳದಿ.

ಹೋದ ಸಲದ ಇಲಿಗಳಿಗೂ ಹಚ್ಚಿದ್ದಿರಾ ಎಂದು ಕೇಳಿದೆ. ಅವರು ಬ್ರಷ್ ಕೆಳಗಿಟ್ಟು ಯೋಚಿಸಿದರು. ಹಚ್ಚಿದ್ದರಂತೆ, ಎರಡಕ್ಕೆ. ಯಾವ ಗುರುತೂ ಇಲ್ಲದ ಪಂಜರದವು, ಕಚ್ಚಾಡಿಕೊಂಡು ಬಾಲದ ಬುಡ ಗಾಯ ಮಾಡಿಕೊಂಡಿದ್ದವು. ಯಾವಾಗ ಎಂದು ಕೇಳಿದೆ. ನಲ್ಲಿಯಲ್ಲಿ ಐದು ದಿನ ನೀರು ಬಂದಿರಲಿಲ್ಲವಲ್ಲ, ಆ ವಾರ, ನೀರು ಬರುವ ಹಿಂದಿನ ದಿನ ಅಂದರು.

ಆ ವಾರ ನನಗೆ ಚೆನ್ನಾಗಿ ನೆನಪಿದೆ. ನೀರು ಬಂದ ದಿನ ನಾಲ್ಕೂ ಪಂಜರ ಒಟ್ಟಿಗೆ ತೊಳೆಯಬೇಕಾಗಿ, ಇಪ್ಪತ್ತನಾಲ್ಕು ಇಲಿಗಳನ್ನೂ ಒಂದೇ ದೊಡ್ಡ ಟಬ್‌ಗೆ ಹಾಕಿದ್ದೆವು. ಅಕ್ಕನ ಮಗಳು ಕಾವ್ಯಳ ಹುಟ್ಟುಹಬ್ಬಕ್ಕೆ ಕುಣಿಗಲ್ ಬಸ್ಸು ಹಿಡಿಯುವ ಆತುರ ನನಗೆ. ಪಂಜರ ಒಣಗಿದ ಮೇಲೆ ಇಲಿಗಳನ್ನು ವಾಪಸು ವಿಂಗಡಿಸಿದವಳು ನಾನೇ, ರಾಮಾಂಜಿನಯ್ಯನಲ್ಲ. ತಲೆ ಹಳದಿ ಆರು, ಬೆನ್ನು ಹಳದಿ ಆರು. ಬಾಲ ಹಳದಿಯವನ್ನು ಒಂದೊಂದಾಗಿ ಎತ್ತಿ ಹಾಕಿದೆ, ಆರಾದ ಕೂಡಲೇ ನಿಲ್ಲಿಸಿದೆ. ಉಳಿದ ಆರನ್ನು ನೋಡದೆ ಬಿಳಿಯವು ಎಂದು ಆರೋಗ್ಯದ ಪಂಜರಕ್ಕೆ ಸುರಿದೆ. ನನ್ನ ಪಿಕ್ರಿಕ್ ಹಚ್ಚಿ ಹದಿನೈದು ದಿನ ದಾಟಿ ಮಾಸಿತ್ತು. ರಾಮಾಂಜಿನಯ್ಯನ ಅರಿಶಿನ ಹಿಂದಿನ ದಿನದ್ದು, ಹೊಚ್ಚ ಹೊಸದು. ಕಣ್ಣಿಗೆ ಮೊದಲು ಬಿದ್ದದ್ದು ಅರಿಶಿನದ ಎರಡು ಬಾಲ. ಸೋಮವಾರ ಬಂದು ಅದೇ ಅರಿಶಿನದ ಮೇಲೆ ನಾನೇ ಕೈಯಾರೆ ಪಿಕ್ರಿಕ್ ಬಳಿದೆ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿದ್ದವಳು ನಮ್ಮಕ್ಕ.

ಲ್ಯಾಬಿಗೆ ಓಡಿ ಹೋಗಿ ತೂಕದ ನೋಟ್‌ಬುಕ್ ತೆಗೆದೆ. ಪುಟ ಸಿಕ್ಕಿತು. ಎರಡು ಸಲ ಓದಿ ಮುಚ್ಚಿದೆ. ಅದರಲ್ಲಿ ಎಲ್ಲವೂ ಇತ್ತು.

ಹಿಂದೆಯೇ ಬಂದ ರಾಮಾಂಜಿನಯ್ಯ ಬಾಗಿಲಲ್ಲಿ ನಿಂತಿದ್ದರು. ತಪ್ಪಾಯಿತಾ ಎಂದು ಕೇಳಿದರು. ನಿಮ್ಮದಲ್ಲ ಅಂದೆ. ಅವರಿಗೆ ಸಮಾಧಾನವಾಗಲಿಲ್ಲ.

"ಅವು ನೋವು ಅಂತ ಬಾಯ್ಬಿಟ್ಟು ಹೇಳಾಕಿಲ್ಲ ನೋಡಮ್ಮ. ಅದ್ಕೇ ಹಚ್ಚಿದೆ."

ನಾನು ನಾಲ್ಕು ತಿಂಗಳು ಆ ಇಲಿಗಳ ಗಂಟು ಅಳೆದವಳು. ನನಗೆ ಹಚ್ಚಬೇಕು ಅನ್ನಿಸಿರಲಿಲ್ಲ.

ಶ್ರೀಕರ ಸರ್ ಅವರ ರೂಮಿನಲ್ಲಿ ನಾನು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಸರ್ ಕೆಟ್ಟವರಲ್ಲ, ಸುಸ್ತಾದ ಮನುಷ್ಯ. ಕಂಪ್ಯೂಟರಿನಲ್ಲಿ ಆ ಎರಡು ಇಲಿಗಳನ್ನು ತೆಗೆದುಹಾಕಿ ಮತ್ತೆ ಲೆಕ್ಕ ಮಾಡಿದರು. ಸೊಪ್ಪು ಕುಡಿದವಕ್ಕೂ ಏನೂ ಕುಡಿಯದವಕ್ಕೂ ವ್ಯತ್ಯಾಸವೇ ಇರಲಿಲ್ಲ. ಜರ್ನಲ್‌ಗೆ ಕಳಿಸಿದ ಲೇಖನವನ್ನು ವಾಪಸು ತರಿಸಿಕೊಳ್ಳಬೇಕಾಗಬಹುದು. ಏನೇ ಇರಲಿ ಎರಡನೇ ಬ್ಯಾಚು ಮುಗಿಯಲಿ, ಇನ್ನು ಮೂರು ತಿಂಗಳು, ಅಲ್ಲಿಯವರೆಗೆ ಯಾರ ಹತ್ತಿರವೂ ಮಾತಾಡಬೇಡಿ ಅಂದರು.

"ನಮ್ಮಕ್ಕ ಕುಡೀತಿದಾಳೆ ಸರ್," ಅಂದೆ. "ಬುಧವಾರ ಅವಳ ಆಪರೇಷನ್ನು. ಹೋಗಲ್ಲ ಅಂತಿದಾಳೆ."

ಅವರಿಗೆ ಇದು ಗೊತ್ತಿರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೋಟ್‌ಬುಕ್ಕನ್ನು ಕಾಲೇಜಿನಿಂದ ಹೊರಗೆ ಒಯ್ಯುವ ಹಾಗಿಲ್ಲ ಎಂಬುದು ಅವರೇ ಮಾಡಿದ ನಿಯಮ. ಅದು ನನ್ನ ಕಂಕುಳಲ್ಲೇ ಇತ್ತು. ಸರ್ ಕಿಟಕಿಯ ಕಡೆ ತಿರುಗಿ, ನಾನು ನೋಡಲಿಲ್ಲ, ನೀವು ಹೊರಡಿ ಅಂದರು.

ಕುಣಿಗಲ್ ಬಸ್ಸಿನಲ್ಲಿ ಸೀಟು ಸಿಕ್ಕಿತು, ಆದರೆ ಕೂರಲು ಮನಸ್ಸಾಗದೆ ಗೂಳೂರಿನವರೆಗೆ ಕಂಬಿ ಹಿಡಿದು ನಿಂತಿದ್ದೆ. ಹೆಂಗಸರಿಗೆ ಕೊಡುವ ಫ್ರೀ ಟಿಕೆಟ್ಟಿಗೆ ಆಧಾರ್ ತೋರಿಸಿ ಅಂದರೆ ಕಾಲೇಜಿನ ಐಡಿ ತೋರಿಸಿದೆ, ಅದಲ್ಲಮ್ಮ ಅಂದರೆ ಬ್ಯಾಗಿಗೆ ಕೈ ಹಾಕಿ ಕ್ಯಾಲಿಪರ್ ತೆಗೆದೆ. ಕಂಡಕ್ಟರ್ ನನ್ನ ಮುಖ ನೋಡಿ ಸುಮ್ಮನೆ ಟಿಕೆಟ್ ಹರಿದುಕೊಟ್ಟ. ಹೆಬ್ಬೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಆ ಹತ್ತು ನಿಮಿಷದಲ್ಲಿ ಅಕ್ಕನಿಗೆ ಏನು ಹೇಳಬೇಕೆಂದು ನಾಲ್ಕು ಥರ ಮಾತು ಜೋಡಿಸಿದೆ. ನಾಲ್ಕರಲ್ಲೂ ಅರಿಶಿನ, ನೀರು, ಬಸ್ಸು ಎಲ್ಲ ಇದ್ದವು, ನಾನು ಮಾತ್ರ ಕೊನೆಯಲ್ಲಿ ಬರುತ್ತಿದ್ದೆ. ನಾಚಿಕೆಯಾಯಿತು.

ಅಕ್ಕನ ಮನೆ ಹೊಕ್ಕರೆ ಕಷಾಯದ ಒಗರು ವಾಸನೆ. ಅವಳು ನಡುಮನೆಯಲ್ಲಿ ನೆಲದ ಮೇಲೆ ಕೂತು ಅಂಗನವಾಡಿ ಮಕ್ಕಳ ತೂಕ ಬರೆಯುತ್ತಿದ್ದಳು. ಈಗ ಎಲ್ಲವೂ ಮೊಬೈಲಿನಲ್ಲೇ ತುಂಬಬೇಕು, ಆದರೂ ಅವಳಿಗೆ ತನ್ನ ರಿಜಿಸ್ಟರಿನ ಮೇಲೆಯೇ ನಂಬಿಕೆ. ಹದಿನೆಂಟು ವರ್ಷದಿಂದ ತಿಂಗಳು ತಿಂಗಳು ಮಕ್ಕಳನ್ನು ತಕ್ಕಡಿಯಲ್ಲಿ ಕೂರಿಸಿ ಬರೆದುಕೊಂಡು ಬಂದ ಕೈ ಅದು. ಒಮ್ಮೆ ಒಬ್ಬಾಕೆ ಹೆಚ್ಚಿಗೆ ಮೊಟ್ಟೆ, ಪುಷ್ಟಿ ಪುಡಿ ಸಿಗಲಿ ಎಂದು ತನ್ನ ಮಗುವಿನ ಬದಲು ತಂಗಿಯ ನರಪೇತಲ ಮಗುವನ್ನು ತಂದು ತಕ್ಕಡಿಗೆ ಕೂರಿಸಿದ್ದಳಂತೆ. ಎರಡೂ ಕುಲಾವಿ ಹಾಕಿದ ಹನ್ನೊಂದು ತಿಂಗಳ ಕೂಸುಗಳು, ಮುಖವೂ ಒಂದೇ ಥರ. ಅಕ್ಕ ಮುಖ ನೋಡಿ ಹಿಡಿಯಲಿಲ್ಲ, ಹಿಂದಿನ ತಿಂಗಳ ತೂಕ ನೋಡಿ ಹಿಡಿದಳು. ಈ ಕಥೆಯನ್ನು ಅವಳು ನಮಗೆಲ್ಲ ಹತ್ತು ಸಲವಾದರೂ ಹೇಳಿ ನಗಿಸಿದ್ದಾಳೆ.

ನಾನು ನಿಂತೇ ಹೇಳಿದೆ. ಈ ಸಲ ನನ್ನಿಂದಲೇ ಶುರು ಮಾಡಿದೆ. ಇಲಿಗಳನ್ನು ತಪ್ಪು ಪಂಜರಕ್ಕೆ ಹಾಕಿದವಳು ನಾನು, ಗಂಟಿಲ್ಲದ ಆ ಎರಡು ಇಲಿಗಳಿಗೆ ಕಾಯಿಲೆಯನ್ನೇ ಬರಿಸಿರಲಿಲ್ಲ, ಅವು ಮೊದಲಿಂದಲೂ ಆರೋಗ್ಯವಾಗಿದ್ದವು. ಸೊಪ್ಪಿನಿಂದ ಏನೂ ಆಗಿಲ್ಲ ಅಕ್ಕ, ಬುಧವಾರ ಹೋಗೋಣ ಅಂದೆ.

ಅವಳು ಪೆನ್ನು ಕೆಳಗಿಡಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದ ನೋಟದಲ್ಲಿ ಕೋಪ ಇರಲಿಲ್ಲ, ಬೇಸರ ಇತ್ತು.

"ಇದನ್ನ ನಿಮ್ ಭಾವ ಹೇಳ್ಕೊಟ್ರಾ?"

ಇಲ್ಲ ಅಂದೆ. ಆಣೆ ಇಟ್ಟೆ. ಬುಧವಾರ ಹತ್ತಿರ ಬಂದ ಕೂಡಲೇ ಇಲಿಗಳೂ ಅದಲು ಬದಲಾಗಿಬಿಟ್ಟವಾ ಎಂದು ಕೇಳಿದಳು. ಅಷ್ಟು ಓದಿದವಳಿಗೆ ಇದಕ್ಕಿಂತ ಒಳ್ಳೆಯ ಸುಳ್ಳು ಸಿಗಲಿಲ್ಲವಾ ಎಂದಳು. ನಾನು ಅಡಿಗೆಮನೆಗೆ ನುಗ್ಗಿ ಅರಿಶಿನದ ಡಬ್ಬಿ, ಸೋಪಿನ ಪುಡಿ ತಂದು ಅಂಗೈಯಲ್ಲಿ ಕಲಸಿ ಕೆಂಪು ಮಾಡಿ ತೋರಿಸಿದೆ. ಹುಚ್ಚಿಯ ಹಾಗೆ ಕಂಡಿರಬೇಕು. ಅರಿಶಿನ ಕೆಂಪಾಗುವುದು ತನಗೂ ಗೊತ್ತು, ಅದರಿಂದ ಇಲಿ ಬದಲಾಯಿತು ಎಂದು ಹೇಗಾಗುತ್ತದೆ ಎಂದು ಕೇಳಿದಳು. ಸರಿಯಾದ ಪ್ರಶ್ನೆ. ಅಂಥ ಪ್ರಶ್ನೆಯನ್ನು ನಾನು ಆಗಲೇ ಕಾಲೇಜಿನಲ್ಲಿ ಕೇಳಿಕೊಂಡಿದ್ದರೆ ಮಾತು ಇಲ್ಲಿಯವರೆಗೆ ಬರುತ್ತಿರಲಿಲ್ಲ. ನಿಜ ಹೇಳಲು ಬಂದು ಸುಳ್ಳುಗಾತಿಯಾಗಿ ನಿಂತಿದ್ದೆ, ಅಳು ಬರುವ ಹಾಗಾಗಿತ್ತು.

ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಆ ಪುಟ ಬಿಡಿಸಿ ಅವಳ ಮುಂದಿಟ್ಟೆ. ಎಡಗಡೆ ಸೊಪ್ಪಿನ ಪಂಜರ, ಬಲಗಡೆ ಆರೋಗ್ಯದ ಪಂಜರ, ಎರಡು ವಾರದ ತೂಕ, ಗ್ರಾಮಿನಲ್ಲಿ. ಇದು ಹೋದ ವರ್ಷ ಬರೆದದ್ದು, ನಿನ್ನ ಗಂಟು ಗೊತ್ತಾಗುವ ಮುಂಚೆ, ದಿನಾಂಕ ನೋಡು ಅಂದೆ ಅಷ್ಟೇ.

ಮೊದಲು ದಿನಾಂಕ ನೋಡಿದಳು. ಶ್ರೀಕರ ಸರ್ ಸಹಿ ನೋಡಿದಳು. ಆಮೇಲೆ ಅಭ್ಯಾಸ ಬಲವೋ ಏನೋ, ಪೆನ್ನಿನ ಹಿಂಬದಿಯಿಂದ ಸಾಲು ಹಿಡಿದು ಕೆಳಗೆ ಇಳಿದಳು. ಸೊಪ್ಪಿನ ಪಂಜರ, ಮೊದಲ ವಾರ: ೧೯೮, ೨೦೧, ೨೦೪, ೨೦೫, ೨೦೬, ೨೦೮. ಮುಂದಿನ ವಾರ: ೨೦೨, ೨೦೮, ೨೧೦, ೨೧೨, ೨೩೧, ೨೩೬. ಪೆನ್ನು ಅಲ್ಲಿ ನಿಂತಿತು. ನಿಧಾನವಾಗಿ ಪಕ್ಕದ ಪುಟಕ್ಕೆ ದಾಟಿತು. ಆರೋಗ್ಯದ ಪಂಜರ, ಮೊದಲ ವಾರ: ೨೨೬, ೨೨೮, ೨೩೦, ೨೩೨, ೨೩೩, ೨೩೬. ಮುಂದಿನ ವಾರ: ೨೦೫, ೨೦೯, ೨೩೨, ೨೩೪, ೨೩೭, ೨೪೦.

ಅವಳ ತುಟಿ ಅಲ್ಲಾಡುತ್ತಿತ್ತು. ಮಕ್ಕಳ ತೂಕ ಕೂಡುವಾಗಲೂ ಹಾಗೇ ಮಾಡುತ್ತಾಳೆ. ಬೀದಿಯಲ್ಲಿ ಯಾವುದೋ ಗಾಡಿಯವನು ಸೊಪ್ಪು ಸೊಪ್ಪು ಎಂದು ಕೂಗಿಕೊಂಡು ಹೋದ. ನಾನು ಉಗುರು ಕಚ್ಚುತ್ತಾ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದೆ.

"ಎಲ್ಲಾ ನಾಲ್ಕರಿಂದ ಏಳು ಗ್ರಾಂ ಏರಿವೆ," ಅಂದಳು. "ಇವೆರಡು ಮಾತ್ರ ಇಪ್ಪತ್ತೈದು ಮೂವತ್ತು. ಒಂದು ವಾರಕ್ಕೆ ಯಾವ ಮಗು ಹಿಂಗೆ ಏರತ್ತೆ? ಇವು ಬೇರೆ ಮಕ್ಕಳು ಕಣೇ. ಪಕ್ಕದ ಮನೇವು. ಇಲ್ಲೀವು ಎರಡು ಅಲ್ಲಿವೆ ನೋಡು."

ಇಲಿ ಎನ್ನುವುದನ್ನು ಮರೆತು ಮಕ್ಕಳು ಅಂದಿದ್ದಳು. ನಾನು ತಿದ್ದಲಿಲ್ಲ. ಅವಳು ಪುಟ ತಿರುವಿ ಕೊನೆಗೆ ಹೋದಳು. ಆರೋಗ್ಯದ ಪಂಜರದ ಎರಡು ಇಲಿಗೆ ಗಂಟು ಬಂದ ದಿನ, ಅದರ ಕೆಳಗೆ ನನ್ನ ಕೈಬರಹದ ಟಿಪ್ಪಣಿ. ಬೆರಳಿಟ್ಟು ಏನಿದು ಎಂದು ಕೇಳಿದಳು. ಅವಕ್ಕೆ ಗಂಟು ತಾನಾಗಿ ಬಂದಿದೆ ಎಂದು ಬರೆದಿದ್ದೆ ಎಂದು ಹೇಳಿದೆ. ನೋಟ್‌ಬುಕ್ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

"ತೂಕ ಏರಿದ್ದು ನೀನು ಆವತ್ತು ನೋಡಿರ್ಲಿಲ್ವಾ?"

ನೋಡಿದ್ದೆ. ನೋಡಿ ಖುಷಿಪಟ್ಟಿದ್ದೆ. ಸೊಪ್ಪು ಹಿಡಿಯುತ್ತಿದೆ, ಇಲಿಗಳಿಗೆ ಹಸಿವು ಹೆಚ್ಚಾಗಿದೆ ಎಂದುಕೊಂಡಿದ್ದೆ. ಆರೋಗ್ಯದವು ಎರಡು ಇಳಿದದ್ದಕ್ಕೆ ನೀರಿಲ್ಲದೆ ಸೊರಗಿವೆ ಎಂದು ಕಾರಣ ಕೊಟ್ಟುಕೊಂಡಿದ್ದೆ. ಅಮ್ಮನನ್ನು ಉಳಿಸಲಾಗದ ಕಾಯಿಲೆಗೆ ನಮ್ಮಜ್ಜಿಯ ಬೇಲಿಯ ಸೊಪ್ಪು ಮದ್ದಾಗಬೇಕಿತ್ತು ನನಗೆ. ಹಿತ್ತಲ ಗಿಡ ಮದ್ದಲ್ಲ ಎಂದವರ ಮುಂದೆ ಎದೆಯುಬ್ಬಿಸಿ ನಿಲ್ಲಬೇಕಿತ್ತು. ಅಷ್ಟನ್ನೂ ಅಕ್ಕನಿಗೆ ಹೇಳಿದೆ. ಬೈಯುತ್ತಾಳೆ, ಹೊಡೆಯುತ್ತಾಳೆ, ಏನಾದರೂ ಮಾಡಲಿ ಎಂದು ಕಾದೆ. ಅವಳು ನನ್ನ ಬ್ಯಾಗಿನ ಬಾಯಲ್ಲಿ ಕಾಣುತ್ತಿದ್ದ ಕ್ಯಾಲಿಪರ್ ನೋಡುತ್ತಿದ್ದಳು.

"ಇಲಿಗೆ ಅಳೆಯೋದು ಇದ್ರಲ್ಲೇನಾ?"

ಹೂಂ ಅಂದೆ.

"ಬಾ. ನಂದೂ ಅಳಿ."

ರೂಮಿನ ಬಾಗಿಲು ಹಾಕಿಕೊಂಡೆವು. ದಿನದಿಂದ ದಿನಕ್ಕೆ ಮೆತ್ತಗಾಗುತ್ತಿದೆ, ಚಿಕ್ಕದಾಗುತ್ತಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಭಾವನೂ ಹೌದೆನ್ನುತ್ತಿದ್ದರು, ಪಾಪ, ಇನ್ನೇನು ಅನ್ನುತ್ತಾರೆ. ಅವಳು ಮಂಚದ ಅಂಚಿಗೆ ಕೂತು ರವಿಕೆಯ ಹುಕ್ಕು ಬಿಚ್ಚಿ, ಗೋಡೆಯ ಕಡೆ ಮುಖ ಮಾಡಿದಳು. ಸಾವಿರ ಸಲ ಇಲಿಗಳ ಮೇಲೆ ಹಿಡಿದ ಉಪಕರಣ, ಅಕ್ಕನ ಮೈಗೆ ತಣ್ಣಗೆ ತಾಗಬಾರದೆಂದು ಸೆರಗಿನಲ್ಲಿ ಉಜ್ಜಿ ಬಿಸಿ ಮಾಡಿದೆ. ಗಂಟು ಬೆರಳಿಗೆ ಸಿಕ್ಕಿತು. ಗಟ್ಟಿ. ಅಜ್ಜಿ ಹೇಳಿದ ಮಾತೇ ಸರಿ, ಕಲ್ಲು. ದವಡೆಗಳನ್ನು ಎರಡು ಕಡೆಯಿಂದ ಒತ್ತದಂತೆ ತಂದು ನಿಲ್ಲಿಸಿ ಓದಿದೆ.

ಮೂವತ್ತಮೂರು ಮಿಲಿಮೀಟರ್. ಆರು ವಾರದ ಹಿಂದಿನ ಸ್ಕ್ಯಾನಿನಲ್ಲಿ ಇಪ್ಪತ್ತಾರಿತ್ತು.

ಮೇಲಿನ ಚರ್ಮದ ದಪ್ಪಕ್ಕೆ ಎರಡು ಮಿಲಿಮೀಟರ್ ಕಳೆಯಬಹುದು ಅನ್ನಿಸಿತು. ಸ್ಕ್ಯಾನಿನ ಅಳತೆಯೇ ಬೇರೆ, ಕೈ ಅಳತೆಯೇ ಬೇರೆ ಅನ್ನಿಸಿತು. ನನ್ನ ಕೈ ನಡುಗಿದ್ದಕ್ಕೆ ಇನ್ನೊಂದು ಕಳೆಯಬಹುದು ಅನ್ನಿಸಿತು. ಟಿಪ್ಪಣಿಗಳು ತಾವಾಗಿಯೇ ಸಾಲು ಕಟ್ಟಿ ಬರುತ್ತಿದ್ದವು. ಅದೇ ಹಳೇ ಚಾಳಿ.

"ಎಷ್ಟು?" ಅಕ್ಕ ಗೋಡೆಯ ಕಡೆಯಿಂದಲೇ ಕೇಳಿದಳು.

"ಮೂವತ್ತಮೂರು."

"ಇಪ್ಪತ್ತಾರಿತ್ತು."

"ಹೂಂ."

ಹುಕ್ಕು ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ಆದರೆ ಧ್ವನಿ ಅಂಗನವಾಡಿ ಟೀಚರದ್ದೇ. ಬರಿ ಅಂದಳು. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ದಿನಾಂಕ, ಸುಧಾ, ಮೂವತ್ತಮೂರು ಎಂದು ಬರೆದೆ. ಪೆನ್ನು ಇನ್ನೂ ಕಾಗದದ ಮೇಲೆಯೇ ಇತ್ತು.

"ಕೆಳಗಡೆ ಏನೂ ಬರೀಬೇಡ," ಅಂದಳು.

ಪೆನ್ನಿನ ಮುಚ್ಚಳ ಹಾಕಿದೆ. ಅವಳು ಅಡಿಗೆಮನೆಗೆ ಹೋಗಿ ಒಲೆ ಆರಿಸಿದಳು. ಆಮೇಲೆ ಸೆಂಟರಿನ ಆಯಾಗೆ ಫೋನ್ ಮಾಡಿ, ಬುಧವಾರದಿಂದ ತಾನಿರುವುದಿಲ್ಲ, ಮೊಟ್ಟೆ ಎಣಿಸಿ ತೆಗೆದುಕೋ, ತೂಕ ಮಾತ್ರ ತಾನು ಬಂದ ಮೇಲೆಯೇ ಹಾಕುವುದು ಎಂದು ಹೇಳಿದಳು. ಭಾವನಿಗೆ ಫೋನ್ ಮಾಡಿ ಆಸ್ಪತ್ರೆಯ ಫೈಲು ಬೀರುವಿನಲ್ಲಿ ಎಲ್ಲಿದೆ ಎಂದು ಕೇಳಿದಳು. ಇದೀರಾ ಎಂದು ಎರಡು ಸಲ ಕೇಳಿದಳು.

ನಾನು ಗೋಡೆಗೊರಗಿ ನೆಲದ ಮೇಲೆ ಕೂತೆ. ಬೆಳಗಿನಿಂದ ಕೂತದ್ದು ಅದೇ ಮೊದಲು. ಅಂಗೈಯಲ್ಲಿ ಅರಿಶಿನದ ಕೆಂಪು ಒಣಗಿ ಹಿಡಿದುಕೊಂಡಿತ್ತು. ಅಕ್ಕ ಬಂದು ನನ್ನ ಎದುರಿಗೆ ನಿಂತಳು.

"ಬುಧವಾರ ನೀನೂ ಬಾ. ಒಳಗೆ ಕರ್ಕೊಂಡ್ ಹೋಗೋಕ್ ಮುಂಚೆ ಕೈಗೆ ಹೆಸರಿನ ಪಟ್ಟಿ ಕಟ್ತಾರಂತೆ. ಇನ್ಯಾರದ್ದೋ ಕಟ್ಟಿಬಿಟ್ಟಾರು. ನೀನೇ ನಿಂತ್ಕೊಂಡು ಓದಿ ನೋಡು."

ನೋಡ್ತೀನಿ ಅಂದೆ.

"ಎರಡು ಸಲ," ಅಂದಳು.